ಅಮೆರಿಕದಲ್ಲಿ ಸ್ಕ್ವಾಷ್: ಸಹಿ ಹಾಕೋ ಮುಂಚೆ ಕೋರ್ಟ್ ಅಳೆಯಿರಿ

ಕಳೆದ ತಿಂಗಳು ಹೊಸದಾಗಿ ಬಂದ ಹುಡುಗನೊಬ್ಬ ಫೋನ್ ಮಾಡಿದ್ದ. ಬೆಂಗಳೂರಿನ ಆಫೀಸ್ ಕ್ಯಾಂಪಸ್ಸಿನಲ್ಲಿ ದಿನಾ ಸ್ಕ್ವಾಷ್ ಆಡಿ ರೂಢಿ. ಇಲ್ಲಿ ಫಿಲಡೆಲ್ಫಿಯಾ ಹತ್ತಿರ ಮನೆ ಪಕ್ಕದಲ್ಲೇ ಜಿಮ್, ಎರಡು ಸ್ಕ್ವಾಷ್ ಕೋರ್ಟ್ ಬೇರೆ, ನಿನ್ನೆ ತಾನೇ ವರ್ಷದ ಮೆಂಬರ್‌ಶಿಪ್ ತಗೊಂಡೆ ಅಂದ. "ಕೋರ್ಟ್ ಅಗಲ ಎಷ್ಟಿದೆ ಮಾರಾಯಾ?" ಅಂತ ಕೇಳಿದೆ. ಆ ಕಡೆಯಿಂದ ಸದ್ದೇ ಇಲ್ಲ. ಹನ್ನೊಂದು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ. ನನ್ನ ನಂತರ ಬಂದವರಲ್ಲಿ ಇವನು ನಾಲ್ಕನೆಯವನು.

ನಾಲ್ಕು ಗೋಡೆ ಮಧ್ಯೆ ಚೆಂಡನ್ನು ಗೋಡೆಗೆ ಬಡಿಯೋ ಈ ಆಟ ಹೇಗೆ ಆಡೋದು ಅಂತ ಇಲ್ಲಿ ಹೇಳಲ್ಲ, ಅದು ನಿಮಗೆ ಗೊತ್ತು. ಗೊತ್ತಿಲ್ಲದಿರೋದು ಏನಂದರೆ, ಅಮೆರಿಕದಲ್ಲಿ ಸ್ಕ್ವಾಷ್ ಅನ್ನೋ ಹೆಸರಲ್ಲಿ ಸುಮಾರು ನೂರು ವರ್ಷ ಬೇರೆಯೇ ಆಟ ನಡೀತಿತ್ತು. ಆ ಆಟ ಹೆಚ್ಚುಕಡಿಮೆ ಹೋಯಿತು. ಅದರ ಗೋಡೆಗಳು ಮಾತ್ರ ಎಷ್ಟೋ ಕಡೆ ಹಾಗೇ ನಿಂತಿವೆ.

ನನ್ನ ಕಥೆ ಕೇಳಿ. ತಿಂಗಳಿಗೆ 62 ಡಾಲರ್, 12 ತಿಂಗಳ ಕರಾರು, ಮೇಲೆ ಸೇರುವ ಫೀಸು 99. ಒಟ್ಟು 843 ಡಾಲರ್. ಕೋರ್ಟನ್ನು ಹೊರಗಿನಿಂದ ಇಣುಕಿ ನೋಡಿ, ಬಿಳಿ ಗೋಡೆ ಕೆಂಪು ಗೆರೆ ಎಲ್ಲ ಇದೆಯಲ್ಲ ಅಂತ ಸಹಿ ಹಾಕಿದೆ. ಮೊದಲ ದಿನ ಬ್ಯಾಕ್‌ಹ್ಯಾಂಡ್ ಬೀಸಿದಾಗ ರ‍್ಯಾಕೆಟ್ ತುದಿ ಗೋಡೆಗೆ ಹೆರೆದು ಬಣ್ಣ ಎದ್ದಿತು. ನಂದೇ ಅಂದಾಜು ತಪ್ಪು ಅಂದುಕೊಂಡೆ. ಚೆಂಡು ಬೇರೆ ಏಳುತ್ತಿರಲಿಲ್ಲ. ಡಿಸೆಂಬರ್ ತಿಂಗಳು, ಕೋರ್ಟಿಗೆ ಹೀಟರ್ ಇಲ್ಲ, ಎರಡು ಹಳದಿ ಚುಕ್ಕಿಯ ನಮ್ಮ ಮೆತ್ತನೆ ಚೆಂಡನ್ನು ಹತ್ತು ನಿಮಿಷ ಬಡಿದು, ಮುಷ್ಟಿಯಲ್ಲಿ ಹಿಡಿದು, ಶೂ ಕೆಳಗೆ ಉಜ್ಜಿ ಬಿಸಿ ಮಾಡಿದರೂ ಗೋಡೆಗೆ ಹೊಡೆದರೆ ಸಗಣಿ ಮುದ್ದೆ ಎಸೆದ ಹಾಗೆ ಅಲ್ಲೇ ಕೆಳಗೆ ಬೀಳುತ್ತಿತ್ತು. ಮೇಲಿನ ಗ್ಯಾಲರಿಯಿಂದ ಒಬ್ಬ ಬಿಳಿ ಕೂದಲಿನ ಅಜ್ಜ ನಗುತ್ತಾ ಇಳಿದು ಬಂದರು. ಚೀಲದಿಂದ ಗಟ್ಟಿ ಚೆಂಡೊಂದನ್ನು ತೆಗೆದು ಹೊಡೆದರು. ಟಪ್ ಅಂತ ಸಿಡಿದು ಹಿಂದಿನ ಗೋಡೆಗೇ ಹೋಯಿತು. "ಈ ಕೋರ್ಟ್ ಇದಕ್ಕೆ ಕಟ್ಟಿದ್ದು" ಅಂದರು.

ಆಮೇಲೆ ಟೇಪ್ ಹಿಡಿದೆ. ಹದಿನೆಂಟೂವರೆ ಅಡಿ. ನಾವು ಆಡಿ ಬಂದ ಅಂತಾರಾಷ್ಟ್ರೀಯ ಕೋರ್ಟ್ 21 ಅಡಿ. ಉದ್ದ ಎರಡಕ್ಕೂ 32 ಅಡಿಯೇ, ಅದಕ್ಕೇ ಕಣ್ಣಿಗೆ ಗೊತ್ತಾಗಲ್ಲ. ನಡುವೆ ನಿಂತರೆ ಒಂದೊಂದು ಕಡೆ ಒಂದೂಕಾಲು ಅಡಿ ಕಮ್ಮಿ. ಅಷ್ಟು ಸಾಕು ಕೈ ಕೆಡಿಸೋಕೆ.

ಕಾಂಟ್ರಾಕ್ಟ್ ಬಿಡಿಸೋಕೆ ಹೋದರೆ, "ಸ್ಕ್ವಾಷ್ ಕೋರ್ಟ್ ಅಂದಿದ್ದೆವು, ಸ್ಕ್ವಾಷ್ ಕೋರ್ಟೇ ಇದೆಯಲ್ಲ" ಅಂದರು. ಸುಳ್ಳೂ ಅಲ್ಲ. ದುಡ್ಡು ಪೂರ್ತಿ ಕಟ್ಟಿದೆ.

ಹಾಗಾಗಿ ನೋಡಲು ಹೋಗುವಾಗ ಜೇಬಲ್ಲಿ ಟೇಪ್ ಇರಲಿ. 21 ಅಡಿ ಬಂದರೆ ಕಣ್ಮುಚ್ಚಿ ಸೇರಿ. ಹದಿನೆಂಟೂವರೆ ಬಂದರೆ ಅದು ಹಳೇ ಅಮೆರಿಕನ್ ಕೋರ್ಟ್. 20 ಬಂದರೆ ಅದು ರ‍್ಯಾಕೆಟ್‌ಬಾಲ್ ಕೋರ್ಟು, 20 ಅಡಿ ಅಗಲ 40 ಅಡಿ ಉದ್ದದ್ದು; ಅದೂ ಗೋಡೆಗೆ ಬಡಿಯೋದೇ, ಆದರೆ ಬೇರೆ ಆಟ. ಹಿಂದೆ ಒಂದು ಗಾಜಿನ ಗೋಡೆ, ಮುಂದಿನ ಗೋಡೆಯ ಬುಡಕ್ಕೆ ಒಂದು ಟಿನ್ (ಚೆಂಡು ತಗುಲಬಾರದ ತಗಡಿನ ಪಟ್ಟಿ) ಹಾಕಿ ಸ್ಕ್ವಾಷ್ ಅಂತ ಬೋರ್ಡ್ ತಗುಲಿಸಿರುತ್ತಾರೆ. ಮೈ ಬೆವರಿಸೋಕೆ ಪರವಾಗಿಲ್ಲ, ಆದರೆ ಲೀಗ್ ಆಡೋ ಆಸೆ ಇದ್ದರೆ ಬೇಡ. ಟಿನ್ನೇ ಇಲ್ಲದಿದ್ದರೆ ಕೇಳೋದೇ ಬೇಡ. ಈಗಾಗಲೇ ಸಹಿ ಹಾಕಿದ್ದರೆ ತಕ್ಷಣ ಕಾಂಟ್ರಾಕ್ಟಿನ ಹಿಂದಿನ ಪುಟ ಓದಿ. ಎಷ್ಟೋ ರಾಜ್ಯಗಳಲ್ಲಿ ಜಿಮ್ ಕರಾರನ್ನು ಮೊದಲ ಕೆಲವು ದಿನಗಳಲ್ಲಿ, ಸಾಮಾನ್ಯವಾಗಿ ಕೆಲಸದ ದಿನ ಲೆಕ್ಕದಲ್ಲಿ 3 ದಿನದೊಳಗೆ, ಕಾರಣ ಹೇಳದೆ ರದ್ದು ಮಾಡಬಹುದು. ಬಾಯಲ್ಲಿ ಹೇಳಿದರೆ ನಡೆಯಲ್ಲ, ಬರೆದು ಕೊಡಬೇಕು, ರಸೀದಿ ಇಟ್ಟುಕೊಳ್ಳಬೇಕು. ನನಗೆ ಇದು ತಿಳಿದದ್ದು ಐದನೇ ವಾರ. ಫೋನ್ ಮಾಡಿದ ಹುಡುಗ ಅವತ್ತೇ ಸಂಜೆ ಹೋಗಿ ಅಳೆದ. 20 ಅಡಿ. ಮಾರನೇ ದಿನವೇ ಪತ್ರ ಕೊಟ್ಟು ದುಡ್ಡು ವಾಪಸ್ ತಗೊಂಡ.

ಇಷ್ಟಕ್ಕೂ ಈ ಗೊಂದಲ ಯಾಕೆ ಬಂತು? ಆಟ ಹುಟ್ಟಿದ್ದು ಇಂಗ್ಲೆಂಡಿನ ಹ್ಯಾರೋ ಶಾಲೆಯಲ್ಲಿ. ಅಮೆರಿಕಕ್ಕೆ ಬಂದದ್ದು 1884ರಲ್ಲಿ, ನ್ಯೂಹ್ಯಾಂಪ್‌ಶೈರ್‌ನ ಸೇಂಟ್ ಪಾಲ್ಸ್ ಶಾಲೆಗೆ. ಆಗ ಯಾರಿಗೂ ಅಳತೆ ಅಂತ ಒಂದು ಇರಲಿಲ್ಲ. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನಲ್ಲೂ ಒಂದು ಕೋರ್ಟ್ ಇತ್ತು, ಅದು 30 ಅಡಿಗೆ 20. ಅಮೆರಿಕದವರು 1904ರಲ್ಲೇ ಫಿಲಡೆಲ್ಫಿಯಾದಲ್ಲಿ ಸಂಘ ಕಟ್ಟಿಕೊಂಡು ತಮ್ಮ ದಾರಿ ಹಿಡಿದರು. ಇಂಗ್ಲೆಂಡಿನವರು 21 ಅಡಿಗೆ ಬಂದು ನಿಂತದ್ದು 1920ರ ದಶಕದಲ್ಲಿ. ಇಲ್ಲಿನ ಚಳಿಗೆ ಮೆತ್ತನೆ ಚೆಂಡು ಏಳುವುದಿಲ್ಲ, ಅದಕ್ಕೇ ಗಟ್ಟಿ ಚೆಂಡು ಅಂತ ಹಳಬರು ಹೇಳುತ್ತಾರೆ. ನನ್ನ ಡಿಸೆಂಬರ್ ಅನುಭವದ ಮೇಲೆ ನಾನೂ ನಂಬುತ್ತೇನೆ.

ಗಟ್ಟಿ ಚೆಂಡಿನ ಆಟದಲ್ಲಿ ಓಟ ಕಮ್ಮಿ, ಏಟು ಜಾಸ್ತಿ. ನಮ್ಮಲ್ಲಿ ಎದುರಾಳಿ ಸುಸ್ತಾಗೋ ತನಕ ಮೂಲೆಗೆ ಮೂಲೆಗೆ ಓಡಿಸುತ್ತೇವೆ ಅಲ್ವಾ? ಇಲ್ಲಿ ಹಾಗೆ ಕಾಯುತ್ತಾ ಕೂತರೆ ಪಾಯಿಂಟ್ ಮುಗಿದೇ ಹೋಗಿರುತ್ತದೆ. 1954ರ ಮೊದಲ ಯು.ಎಸ್. ಓಪನ್‌ಗೆ ಪೆಶಾವರದ ಹಾಶಿಮ್ ಖಾನ್ ಬಂದರು. ಬ್ರಿಟಿಷ್ ಓಪನ್ ಚಾಂಪಿಯನ್. ಅಂಥವರೇ ಫೈನಲ್‌ನಲ್ಲಿ ಇಲ್ಲಿನ ಆನ್ರಿ ಸಲೋನ್‌ಗೆ ಸೋತರು. ಚೆಂಡು ಕೈಗೆ ಕೂತ ಮೇಲೆ ಅವರೂ ಗೆದ್ದರು, ಮಗ ಶರೀಫ್ ಖಾನ್ ಅಂತೂ ನಾರ್ತ್ ಅಮೆರಿಕನ್ ಓಪನ್ 12 ಸಲ ಗೆದ್ದರು. ನಮ್ಮ ಕಡೆಯವರು ಯಾರೂ ಇಲ್ವಾ ಅಂದರೆ ಇದ್ದಾರೆ. ಮುಂಬೈಯಿಂದ ಹಾರ್ವರ್ಡ್‌ಗೆ ಓದಲು ಬಂದ ಅನಿಲ್ ನಾಯರ್ 1969 ಮತ್ತು 1970ರಲ್ಲಿ ಅಮೆರಿಕದ ರಾಷ್ಟ್ರೀಯ ಚಾಂಪಿಯನ್.

1990ರ ದಶಕದಲ್ಲಿ ಇಲ್ಲಿನ ಕಾಲೇಜುಗಳು ಮೆತ್ತನೆ ಚೆಂಡಿಗೆ ತಿರುಗಿದವು, ಸಿಂಗಲ್ಸ್‌ನಲ್ಲಿ ಹಳೇ ಆಟ ಕಣ್ಮರೆಯಾಯಿತು. ಆದರೆ ತಮಾಷೆ ನೋಡಿ. ಕೋರ್ಟು ಚೆಂಡು ಇವರು ಬಿಟ್ಟರು, ಲೆಕ್ಕ ಮಾತ್ರ ಜಗತ್ತು ಇವರದ್ದು ತಗೊಂಡಿತು. ಸರ್ವ್ ಮಾಡಿದವರಿಗೆ ಮಾತ್ರ ಪಾಯಿಂಟ್ ಅನ್ನೋ ಇಂಗ್ಲಿಷ್ ಪದ್ಧತಿ ಹೋಗಿ, ಯಾರು ಗೆದ್ದರೂ ಪಾಯಿಂಟ್ ಅನ್ನೋದು ಬಂತಲ್ಲ, ಅದು ಅಮೆರಿಕದಲ್ಲಿ ಮೊದಲಿಂದ ಇದ್ದದ್ದೇ. ಇವರದ್ದು 15ಕ್ಕೆ, ಈಗಿನದ್ದು 11ಕ್ಕೆ. ವೃತ್ತಿಪರರು ಆಡುವ 17 ಇಂಚಿನ ಟಿನ್ ಕೂಡ ಇವರ ಅಳತೆಯೇ. ಕೋರ್ಟ್ ವಿಷಯದಲ್ಲಿ 21 ಅಡಿಯೇ ಸರಿ, ಲೆಕ್ಕದಲ್ಲಿ ಅಮೆರಿಕ ಸರಿ ಅನ್ನೋದು ನನ್ನ ಮಾತು. ಹಳೇ ಪದ್ಧತಿಯಲ್ಲಿ ಬರೀ ಸರ್ವ್ ಬದಲಾಗುತ್ತಾ ಹತ್ತು ನಿಮಿಷ ಸ್ಕೋರೇ ಅಲುಗಾಡದೆ ಕೂತಿರುತ್ತಿತ್ತು.

ಒಂದು ಎಚ್ಚರಿಕೆ. ನಮ್ಮ ಆಟಕ್ಕೆ ಇಲ್ಲಿನ ಹಳಬರು ಸಾಫ್ಟ್‌ಬಾಲ್ ಅನ್ನುತ್ತಾರೆ. ನಾನು ಆಫೀಸಿನಲ್ಲಿ ಜಂಬದಿಂದ "ಸಾಫ್ಟ್‌ಬಾಲ್ ಆಡ್ತೀನಿ" ಅಂದೆ, ಬೇಸ್‌ಬಾಲ್ ತರಹದ ಆಟದ ಟೀಮಿಗೆ ಹೆಸರು ಸೇರಿಸಿಬಿಟ್ಟರು. ಎರಡು ವಾರ ಮೈದಾನದಲ್ಲಿ ಬಿಸಿಲು ಕಾಯಿಸಿಕೊಂಡು ನಿಂತಿದ್ದೆ.

ಕಣ್ಣಿಗೆ ಗಾರ್ಡ್ ಕಡ್ಡಾಯ. ಯು.ಎಸ್. ಸ್ಕ್ವಾಷ್ (ಇಲ್ಲಿನ ರಾಷ್ಟ್ರೀಯ ಸಂಘ) ಮಾನ್ಯತೆಯ ಪಂದ್ಯಗಳಲ್ಲಿ, ಸುರಕ್ಷತಾ ಮಾನದಂಡದ ಎಎಸ್‌ಟಿಎಂ ಗುರುತಿನ ಗಾರ್ಡ್ ಇಲ್ಲದೆ ಒಳಗೆ ಬಿಡಲ್ಲ. ನಿಮ್ಮ ನಂಬರ್ ಕನ್ನಡಕ ಲೆಕ್ಕಕ್ಕಿಲ್ಲ, ಅದರ ಮೇಲೆ ಹಾಕೋ ಗಾರ್ಡ್ ತಗೊಳ್ಳಿ. ಊರಲ್ಲಿ ನಾವು ಇದಕ್ಕೆ ನಗುತ್ತಿದ್ದೆವು. ಈಗ ನನಗೆ ನಗು ಬರಲ್ಲ.

ಮಕ್ಕಳನ್ನು ಸ್ಕ್ವಾಷ್‌ಗೆ ಹಾಕಿದರೆ ಹಾರ್ವರ್ಡ್ ತರಹದ ಎಂಟು ಹಳೇ ವಿಶ್ವವಿದ್ಯಾಲಯಗಳ ಐವಿ ಲೀಗ್ ಸ್ಕಾಲರ್‌ಶಿಪ್ ಸಿಗುತ್ತೆ ಅಂತ ಕನ್ನಡ ಕೂಟದ ಪಂಕ್ತಿಯಲ್ಲಿ ಕೂತು ಲೆಕ್ಕ ಹಾಕೋರು ಕೇಳಿ. ಐವಿ ಕಾಲೇಜುಗಳು ಕ್ರೀಡೆಗೆ ಅಂತ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ. ಆಡಲಿ ಅಂತ ಕಳಿಸಿ, ಸುಮ್ನೆ ಗೋಳು ಹಾಕಬೇಡಿ.

ಹಳೇ ಆಟ ಜೀವಂತ ಇರೋದು ಡಬಲ್ಸ್‌ನಲ್ಲಿ, ಮತ್ತೆ ಅದು ನಿಜಕ್ಕೂ ಚೆಂದ. 1907ರಲ್ಲಿ ಫಿಲಡೆಲ್ಫಿಯಾದ ರ‍್ಯಾಕೆಟ್ ಕ್ಲಬ್ಬಿನಲ್ಲಿ ಫ್ರೆಡ್ ಟಾಂಪ್‌ಕಿನ್ಸ್ ಶುರು ಮಾಡಿದ್ದು. 45 ಅಡಿ ಉದ್ದ, 25 ಅಡಿ ಅಗಲ, ನಾಲ್ಕು ಜನ, ಗಟ್ಟಿ ಚೆಂಡು. ಕೊಡಗಿನ ಮೂಲದ ಜೋಷ್ನಾ ಚಿನ್ನಪ್ಪ ದೀಪಿಕಾ ಪಳ್ಳಿಕಲ್ ಜೊತೆ 2014ರ ಕಾಮನ್‌ವೆಲ್ತ್‌ನಲ್ಲಿ ಚಿನ್ನ ಗೆದ್ದ ಡಬಲ್ಸ್ ಇದಲ್ಲ, ಅದು 32 ಅಡಿ ಉದ್ದದ ಕೋರ್ಟಿನಲ್ಲಿ ಮೆತ್ತನೆ ಚೆಂಡಿನದ್ದು. ಇಲ್ಲಿ ಎಪ್ಪತ್ತು ದಾಟಿದವರು ಎಡಗೋಡೆ ಹತ್ತಿರ ಕಂಬದ ಹಾಗೆ ನಿಂತು, ಪಕ್ಕದ ಗೋಡೆಯ ಮೇಲ್ಭಾಗಕ್ಕೆ ಬಾರಿಸಿ ಚೆಂಡನ್ನು ನಿಮ್ಮ ತಲೆ ಮೇಲಿಂದ ಆ ಕಡೆಯ ಹಿಂದಿನ ಮೂಲೆಗೆ ಕಳಿಸುತ್ತಾರೆ. ನೀವು ಓಡುತ್ತೀರಿ, ಅವರು ನೋಡುತ್ತಾರೆ.

ಈ ಕೋರ್ಟ್‌ಗಳು ಹೆಚ್ಚಾಗಿ ಖಾಸಗಿ ಕ್ಲಬ್ಬುಗಳಲ್ಲಿವೆ. ಪ್ರವೇಶ ಶುಲ್ಕ, ತಿಂಗಳ ಶುಲ್ಕ, ಮೇಲೆ ಊಟಕ್ಕೆ ಇಷ್ಟು ಖರ್ಚು ಮಾಡಲೇಬೇಕು ಅನ್ನೋ ನಿಯಮ. ಸೇರೋಕೆ ಹೋಗಬೇಡಿ. ಫಿಲಡೆಲ್ಫಿಯಾದಲ್ಲಿ 2021ರಲ್ಲಿ ಶುರುವಾದ ಸ್ಪೆಕ್ಟರ್ ಸ್ಕ್ವಾಷ್ ಸೆಂಟರ್‌ನಲ್ಲಿ ಡಬಲ್ಸ್ ಕೋರ್ಟ್ ಇವೆ, ಅಲ್ಲಿ ಶುರು ಮಾಡಿ. ಇಲ್ಲದಿದ್ದರೆ ಮೆಂಬರ್ ಒಬ್ಬರ ಅತಿಥಿಯಾಗಿ ಹೋಗಿ. ಬೆಳಿಗ್ಗೆ ಏಳಕ್ಕೆ ನಾಲ್ಕನೆಯವರು ಸಿಗದೆ ಒದ್ದಾಡುವ ಮೂವರು ಅಜ್ಜಂದಿರು ಎಲ್ಲ ಕಡೆ ಇರುತ್ತಾರೆ. ಬಿಳಿ ಟೀ ಶರ್ಟ್ ಹಾಕಿ, ಕಣ್ಣಿನ ಗಾರ್ಡ್ ತಗೊಂಡು ಹೋಗಿ, ಬಲಗೋಡೆ ಕಡೆ ನಿಲ್ಲುತ್ತೇನೆ ಅನ್ನಿ. ಎಡಗಡೆಯನ್ನು ಅವರು ಬಿಟ್ಟುಕೊಡುವುದಿಲ್ಲ.