ಮದುವೆಗೆಂದು ಎತ್ತಿಟ್ಟ ಹಣದಿಂದ ತೆರೆದ ಕಚೇರಿ

ಮದುವೆಯೊಂದಿಗೆ ತಾನಾಗಿಯೇ ಒದಗಿಬರುವ ಹಲವು ವ್ಯವಸ್ಥೆಗಳನ್ನು ಅವಿವಾಹಿತ ಹೆಣ್ಣು ತಾನೇ ಒಂದೊಂದಾಗಿ ಕಟ್ಟಿಕೊಳ್ಳಬೇಕಾಗುತ್ತದೆ. ದಾವಣಗೆರೆಯಲ್ಲಿ ಲೆಕ್ಕಪರಿಶೋಧಕಿಯಾಗಿ ಸ್ವಂತ ಕಚೇರಿ ನಡೆಸುತ್ತಿರುವ ನಾನು ಅವನ್ನು ಹೇಗೆ ಕಟ್ಟಿಕೊಂಡೆನೆಂಬುದನ್ನು, ಇದೇ ದಾರಿ ಹಿಡಿಯಲು ಯೋಚಿಸುತ್ತಿರುವ ಕಿರಿಯರಿಗಾಗಿ ಬರೆಯುತ್ತಿದ್ದೇನೆ.

ಸಿ.ಎ. ಅಂತಿಮ ಪರೀಕ್ಷೆ ಮುಗಿದ ಕೂಡಲೇ ಮನೆಯಲ್ಲಿ ಗಂಡು ನೋಡುವ ಮಾತು ಆರಂಭವಾಯಿತು. "ನಿನ್ನ ಮದುವೆಗೆಂದು ಎತ್ತಿಟ್ಟಿದ್ದು ಇದೆಯಮ್ಮ" ಎಂದು ಅಪ್ಪ ಹೇಳಿದಾಗ, ಅದನ್ನೇ ಕಚೇರಿಗೆ ಸಾಲವಾಗಿ ಕೊಡಿರೆಂದು ಕೇಳಿದೆ. ಉಡುಗೊರೆಯಾಗಿ ಪಡೆದಿದ್ದರೂ ತೆರಿಗೆ ಬೀಳುತ್ತಿರಲಿಲ್ಲ. ಆದರೆ ಸಾಲಪತ್ರ ಬರೆದುಕೊಟ್ಟು, ಚೆಕ್ ಮೂಲಕವೇ ಪಡೆದು, ಬಡ್ಡಿಸಹಿತ ತೀರಿಸಿದೆ. ಸಾಲ ಕೊಟ್ಟವರಾಗಿ ಅಪ್ಪನಿಗೆ ಕಚೇರಿಯ ಲೆಕ್ಕ ಕೇಳುವ ಹಕ್ಕು ದೊರೆತದ್ದರಿಂದ, ನಮ್ಮಿಬ್ಬರ ನಡುವೆ ಮದುವೆಯ ಮಾತು ಹಿಂದೆ ಸರಿದು ವಹಿವಾಟಿನ ಮಾತು ಬೆಳೆಯಿತು. ಅಕ್ಕಿ ಗಿರಣಿ, ಅಡಿಕೆ ಮಂಡಿಗಳ ಮಾಲೀಕರು ಮೊದಮೊದಲು ಬಾಗಿಲಲ್ಲೇ ನಿಂತು "ಸರ್ ಇಲ್ಲವಾ ಮೇಡಂ?" ಎಂದು ಕೇಳುತ್ತಿದ್ದರು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಅದು ಎಲ್ಲರಿಗೂ ಹೊಸದಾಗಿತ್ತು. ಕಾಯ್ದೆಯನ್ನು ಮೊದಲೇ ಓದಿಕೊಂಡಿದ್ದ ನನ್ನಲ್ಲಿ ಉತ್ತರಗಳಿದ್ದವು. ಆ ಪ್ರಶ್ನೆ ಅಲ್ಲಿಗೆ ನಿಂತಿತು.

ಪ್ರೀತಿ ನನ್ನ ಬದುಕಿನಲ್ಲಿಯೂ ಬಂದಿತ್ತು. ಇಂದಿಗೂ ನಾನು ಗೌರವಿಸುವ ಒಬ್ಬರು ವಿದೇಶಕ್ಕೆ ಹೊರಟಾಗ ಜೊತೆಗೆ ಬಾ ಎಂದು ಕರೆದರು. ನನ್ನ ವೃತ್ತಿಯ ಬಂಡವಾಳವೆಂದರೆ ಈ ಊರಿನ ವ್ಯಾಪಾರಿಗಳ ನಂಬಿಕೆ. ಅದನ್ನು ಇನ್ನೊಂದು ದೇಶಕ್ಕೆ ಒಯ್ಯಲಾಗದು. ಬಿಡಬೇಕಾದ್ದು ನನ್ನ ಕೆಲಸವೇ ಎಂದು ಎರಡೂ ಮನೆಯವರು ಚರ್ಚೆಯೇ ಇಲ್ಲದೆ ಭಾವಿಸಿದ್ದು ನನ್ನ ತೀರ್ಮಾನವನ್ನು ಗಟ್ಟಿ ಮಾಡಿತು. ದುಃಖ ಬಹಳ ಕಾಲ ಇತ್ತು. ಆಗ ನಾನು ಮತ್ತೆ ಮತ್ತೆ ನೆನೆದದ್ದು ಹವಾಮಾನ ವಿಜ್ಞಾನಿ ಅನ್ನಾ ಮಣಿ ಅವರನ್ನು. 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಮೇಲೆ ಸಂಶೋಧನೆ ನಡೆಸಿದರೂ, ಸ್ನಾತಕೋತ್ತರ ಪದವಿಯಿಲ್ಲವೆಂಬ ಕಾರಣಕ್ಕೆ ಅವರಿಗೆ ಡಾಕ್ಟರೇಟ್ ದೊರೆಯಲಿಲ್ಲ. ಮದುವೆಯಾಗದೆ ಉಳಿದ ಅವರು ಭಾರತೀಯ ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದರು.

ಕಾಗದಪತ್ರಗಳ ವಿಷಯವನ್ನು ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ನನ್ನಲ್ಲಿ ಸಲಹೆಗೆ ಬರುವ ಅವಿವಾಹಿತ ಮಹಿಳೆಯರಲ್ಲಿ ಚೆನ್ನಾಗಿ ಸಂಪಾದಿಸುವವರೂ ಇದನ್ನು ಮುಂದೂಡುತ್ತಿರುತ್ತಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನಂತೆ, ಮದುವೆಯಾಗದ, ಮಕ್ಕಳಿಲ್ಲದ ಹೆಣ್ಣು ಉಯಿಲು ಬರೆಯದೆ ತೀರಿಕೊಂಡರೆ ಆಕೆ ದುಡಿದು ಗಳಿಸಿದ ಆಸ್ತಿ ಮೊದಲು ತಾಯಿ ತಂದೆಗೆ, ಅವರಿಲ್ಲದಿದ್ದರೆ ತಂದೆಯ ವಾರಸುದಾರರಿಗೆ ಹೋಗುತ್ತದೆ. ವರ್ಷಾನುಗಟ್ಟಲೆ ಜೊತೆಗಿದ್ದು ನೋಡಿಕೊಂಡ ಗೆಳತಿಗೆ ಏನೂ ಸಿಗದು. ಬ್ಯಾಂಕಿನಲ್ಲಿ ನಾಮಿನಿ ಹೆಸರು ಕೊಟ್ಟರೆ ಸಾಕೆಂದು ಹಲವರು ನಂಬಿದ್ದಾರೆ, ಆದರೆ ನಾಮಿನಿಯು ಹಣವನ್ನು ಪಡೆದು ವಾರಸುದಾರರಿಗೆ ತಲುಪಿಸಬೇಕಾದವರು, ಒಡೆಯರಲ್ಲ. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಿಲ್ಲದಿದ್ದರೂ ನಾನು ಮಾಡಿಸಿದೆ. ಚೇತರಿಕೆಯ ಆಸೆಯಿಲ್ಲದ ಸ್ಥಿತಿಯಲ್ಲಿ ಚಿಕಿತ್ಸೆ ಎಲ್ಲಿಯವರೆಗೆ ಎಂಬುದನ್ನು ಮೊದಲೇ ಬರೆದಿಡುವ ನಿರ್ದೇಶನಪತ್ರವನ್ನು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳೊಂದಿಗೆ ನೋಟರಿಯ ಮುಂದೆ ಅದನ್ನೂ ಮಾಡಿಸಿ, ನನ್ನ ಪರವಾಗಿ ಮಾತನಾಡಲು ಅಕ್ಕನ ಮಗಳ ಹೆಸರು ಬರೆದಿದ್ದೇನೆ.

ಈಗ ಉಳಿದಿರುವುದು ಕಚೇರಿಯ ಮುಂದಿನ ಕಾಲ. ಒಬ್ಬಳ ಹೆಸರಿನಲ್ಲಿರುವ ಸಂಸ್ಥೆ ಆಕೆಯೊಂದಿಗೇ ಮುಗಿಯಬಾರದೆಂದು, ನನ್ನಲ್ಲಿಯೇ ಆರ್ಟಿಕಲ್‌ಶಿಪ್ (ಸಿ.ಎ. ಆಗಲು ಪಡೆಯಬೇಕಾದ ಕಚೇರಿ ತರಬೇತಿ) ಮುಗಿಸಿ ಸಿ.ಎ. ಆದ ಇಬ್ಬರು ಹೆಣ್ಣುಮಕ್ಕಳನ್ನು ಪಾಲುದಾರರನ್ನಾಗಿ ಸೇರಿಸಿಕೊಳ್ಳುತ್ತಿದ್ದೇನೆ. ಒಬ್ಬಳಿಗೆ ಮದುವೆಯಾಗಿದೆ, ಇನ್ನೊಬ್ಬಳು ಆಗುವುದಿಲ್ಲ ಎನ್ನುತ್ತಾಳೆ. ಪಾಲುದಾರಿಕೆ ಪತ್ರದ ಕರಡಿನಲ್ಲಿ ಇಬ್ಬರ ಪಾಲೂ ಸಮ.