ಒಂದು ದಿನಕ್ಕೆ ಒಂದೇ ಹುಲಿ

ಇಂಗ್ಲೆಂಡಿನ ರೆಡಿಂಗ್‌ಗೆ ಬಂದ ಮೊದಲ ಬೇಸಿಗೆಯಲ್ಲಿ ಒಂದೇ ಶನಿವಾರ ಮೂರು ಜಾಗ ನೋಡಿ ಬರಲು ಹೊರಟಿದ್ದೆವು. ಬೆಳಿಗ್ಗೆ ಒಂದು ಹಳೆಯ ಬಂಗಲೆ, ಮಧ್ಯಾಹ್ನ ಒಂದು ಕೋಟೆ, ಸಂಜೆಗೆ ಥೇಮ್ಸ್ ನದಿಯ ದಂಡೆ. ಟಿಕೆಟ್ಟಿಗೆ ಕೊಟ್ಟ ದುಡ್ಡು ವಸೂಲಾಗಬೇಕೆಂಬುದು ನನ್ನ ಹಟ. ಬಂಗಲೆಯ ಹನ್ನೊಂದನೆಯ ಕೋಣೆಯಲ್ಲಿ, ಯಾರದೋ ಮುತ್ತಜ್ಜನ ಪಟದ ಕೆಳಗೆ, ಮಗ ನೆಲದ ಮೇಲೆ ಹೊರಳಾಡಿ ಅಳತೊಡಗಿದ. ಕೋಟೆಯ ಬಾಗಿಲಿಗೆ ಹೋದರೆ ಮಗಳು ಕಾರಿನಿಂದ ಇಳಿಯಲೇ ಇಲ್ಲ. ನದಿಯನ್ನು ಮನೆಗೆ ಮರಳುವಾಗ ಸೇತುವೆಯ ಮೇಲೆ ಕಾರು ಓಡಿಸುತ್ತಲೇ ನೋಡಿ ಮುಗಿಸಿದೆವು.

ಮರುವರ್ಷ ಅಪ್ಪ ಬಂದರು. ಶ್ರೀರಂಗಪಟ್ಟಣದ ಸುತ್ತಮುತ್ತಲ ಶಾಲೆಗಳಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟ್ರು ಅವರು. ನಾನು ಬರೆದಿಟ್ಟಿದ್ದ ಉದ್ದದ ಪಟ್ಟಿಯನ್ನು ಕನ್ನಡಕ ಏರಿಸಿ ಓದಿ, “ಇದು ಪ್ರವಾಸವೋ, ಪರೀಕ್ಷೆಯ ಸಿಲಬಸ್ಸೋ?” ಎಂದು ಕೇಳಿದರು. ಪ್ರತಿ ವರ್ಷ ಮಕ್ಕಳನ್ನು ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ಗೆ ಕರೆದೊಯ್ಯುತ್ತಿದ್ದಾಗ ಅವರು ಕಂಡುಕೊಂಡ ಉಪಾಯವೊಂದಿತ್ತು. ಅಲ್ಲಿನ ಗೋಡೆಯ ಮೇಲೆ, ಹೈದರಾಲಿ ಮತ್ತು ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಎಲ್ಲವನ್ನೂ ನೋಡಿ ಎಂದರೆ ಮಕ್ಕಳು ಏನನ್ನೂ ನೋಡುವುದಿಲ್ಲ. ಪಲ್ಲಕ್ಕಿಯಲ್ಲಿ ಕುಳಿತಿರುವ ಇಂಗ್ಲಿಷ್ ಕರ್ನಲ್‌ನನ್ನು ಹುಡುಕಿ ಎಂದರೆ ಹುಡುಕುವ ಭರದಲ್ಲಿ ಆನೆ, ಕುದುರೆ, ಹೊತ್ತಿ ಸಿಡಿಯುತ್ತಿರುವ ಮದ್ದಿನ ಬಂಡಿ ಎಲ್ಲವೂ ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಒಂದು ದಿನಕ್ಕೆ ಒಂದು ಜಾಗ, ಆ ಜಾಗದಲ್ಲಿ ಹುಡುಕಲು ಒಂದು ವಸ್ತು. ಉಳಿದದ್ದು ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ.

ಮೊದಲ ಪ್ರಯೋಗ ಮನೆಯ ಹತ್ತಿರದಲ್ಲೇ ಆಯಿತು. ರೆಡಿಂಗ್ ಪೇಟೆಯ ನಡುವೆ ಹಳೆಯ ಟೌನ್ ಹಾಲ್ ಇದೆ, ಅದರೊಳಗೆ ವಸ್ತುಸಂಗ್ರಹಾಲಯ. ಪ್ರವೇಶ ಉಚಿತ. ಅಲ್ಲಿ ಒಂದು ಇಡೀ ಕೋಣೆಯನ್ನು ಸುತ್ತುವರಿದಿರುವುದು ಬಾಯೂ ಕಸೂತಿಯ ನಕಲು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಕಥೆಯನ್ನು ಸುಮಾರು 70 ಮೀಟರ್ ಬಟ್ಟೆಯ ಮೇಲೆ ಉಣ್ಣೆಯ ದಾರದಲ್ಲಿ ಹೇಳಿದ್ದಾರೆ. ಮೂಲ ಫ್ರಾನ್ಸಿನ ಬಾಯೂ ಊರಿಗೆ ಸೇರಿದ್ದು. ಈ ನಕಲನ್ನು 1885–86ರಲ್ಲಿ ಸ್ಟ್ಯಾಫರ್ಡ್‌ಷೈರ್‌ನ ಲೀಕ್ ಎಂಬ ಊರಿನ ಹೆಂಗಸರು ಹೊಲಿದರು. 1895ರಲ್ಲಿ ಅದು ರೆಡಿಂಗ್‌ಗೆ ಬಂತು.

ನಾನು ಮಗಳಿಗೆ ಕೊಟ್ಟ ಕೆಲಸ: ಚಡ್ಡಿ ಹಾಕಿಕೊಂಡಿರುವ ಮನುಷ್ಯನನ್ನು ಹುಡುಕು. ಮೂಲದ ಅಂಚಿನಲ್ಲಿ ಬೆತ್ತಲೆ ಮನುಷ್ಯರಿದ್ದಾರೆ. ಹೊಲಿಯುವವರಿಗೆ ಮಾದರಿಯಾಗಿ ಸಿಕ್ಕಿದ ಛಾಯಾಚಿತ್ರಗಳನ್ನು ಮೊದಲೇ ಯಾರೋ ಮರ್ಯಾದೆಗಂಜಿ ತಿದ್ದಿಬಿಟ್ಟಿದ್ದರು. ಹೀಗಾಗಿ ರೆಡಿಂಗ್‌ನ ಕಸೂತಿಯಲ್ಲಿ ಅವನಿಗೆ ಚಡ್ಡಿ ಬಂದಿದೆ. ಒಂಬತ್ತು ವರ್ಷದ ಹುಡುಗಿಗೆ ಇದಕ್ಕಿಂತ ದೊಡ್ಡ ಇತಿಹಾಸ ಬೇಕೇ? ಮೂತಿಯನ್ನು ಗಾಜಿಗೆ ಒತ್ತಿಕೊಂಡು ಮುಕ್ಕಾಲು ಗಂಟೆ ನಡೆದಳು. ದಾರಿಯಲ್ಲಿ ಬಾಲದ ಚುಕ್ಕಿ ಸಿಕ್ಕಿತು, ಅದು ಹ್ಯಾಲಿ ಧೂಮಕೇತು. ಕಣ್ಣಿಗೆ ಬಾಣ ನಾಟಿದವನೂ ಸಿಕ್ಕಿದ. ಅಪ್ಪ ಬೆನ್ನ ಹಿಂದೆ ಕೈಕಟ್ಟಿಕೊಂಡು ಕೊನೆಯ ತುಂಡಿನವರೆಗೂ ಹೋಗಿ, “ನಮ್ಮ ಗೋಡೆಯ ಥರವೇ ಇದೆ. ಗೆದ್ದವರೇ ಬರೆಸಿಕೊಂಡದ್ದು” ಎಂದರು.

ಅಲ್ಲಿಂದ ಐದು ನಿಮಿಷ ನಡೆದರೆ ರೆಡಿಂಗ್ ಅಬ್ಬೆಯ ಅವಶೇಷ. 1121ರಲ್ಲಿ ಒಂದನೆಯ ಹೆನ್ರಿ ಕಟ್ಟಿಸಿದ ಮಠ. ಅವನನ್ನು ಹೂಳಿದ್ದೂ ಅಲ್ಲಿಯೇ. 1539ರಲ್ಲಿ ಎಂಟನೆಯ ಹೆನ್ರಿ ಮಠ ಮುಚ್ಚಿಸಿ, ಅದರ ಮುಖ್ಯಸ್ಥನನ್ನು ಗಲ್ಲಿಗೇರಿಸಿದ. ಹೊರಗಿನ ನಯವಾದ ಕಲ್ಲನ್ನು ಜನ ಕಿತ್ತೊಯ್ದಿದ್ದಾರೆ. ಒಳಗಿನ ಚಕಮಕಿ ಕಲ್ಲಿನ ಗೋಡೆಗಳು ಸಿಪ್ಪೆ ಸುಲಿದ ಹಣ್ಣಿನಂತೆ ನಿಂತಿವೆ. ನಿಯಮದ ಪ್ರಕಾರ ಅದನ್ನು ಇನ್ನೊಂದು ದಿನಕ್ಕೆ ಬಿಡಬೇಕಿತ್ತು. ಆದರೆ ಮಗನಿಗೆ ಓಡಲು ಜಾಗ ಬೇಕಿತ್ತು, ಅಲ್ಲಿ ಹುಲ್ಲಿತ್ತು. ಓಡುವ ಜಾಗವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಅಪ್ಪನೇ ನಿಯಮಕ್ಕೊಂದು ತಿದ್ದುಪಡಿ ತಂದರು.

ಆ ತಿದ್ದುಪಡಿ ಬಹಳ ಉಪಯೋಗಕ್ಕೆ ಬಂತು. ಚಿಕ್ಕ ಮಕ್ಕಳಿರುವವರಿಗೆ ನಾನು ಮೊದಲು ಹೇಳುವ ಹೆಸರು ರಾಜಮನೆತನದ ವಿಂಡ್ಸರ್ ಕೋಟೆ ಅಲ್ಲ, ನ್ಯೂಬರಿಯ ಬಳಿಯ ಡಾನಿಂಗ್ಟನ್ ಕೋಟೆ. ಉಳಿದಿರುವುದು 1386ರ ಹೆಬ್ಬಾಗಿಲು ಮತ್ತು ಅದರ ಎರಡು ಗುಂಡು ಗೋಪುರಗಳು ಮಾತ್ರ. ಟಿಕೆಟ್ ಇಲ್ಲ, ಕೋಣೆಗಳಿಲ್ಲ, ಮುಟ್ಟಬೇಡಿ ಎನ್ನುವವರಿಲ್ಲ. ಸುತ್ತ 1640ರ ದಶಕದ ಅಂತರ್ಯುದ್ಧದಲ್ಲಿ ನಕ್ಷತ್ರದ ಆಕಾರದಲ್ಲಿ ಎತ್ತಿದ ಮಣ್ಣಿನ ದಿಬ್ಬಗಳಿವೆ. ನಕ್ಷತ್ರದ ಮೂಲೆಗಳನ್ನು ಎಣಿಸಿಕೊಂಡು ಬಾ ಎಂದರೆ ಹುಡುಗ ಮೂರು ಸುತ್ತು ಓಡಿ, ಪ್ರತಿ ಸಲ ಬೇರೆ ಲೆಕ್ಕ ತಂದು, ಮನೆಗೆ ಬರುವಾಗ ಕಾರಿನಲ್ಲಿ ನಿದ್ದೆ ಹೋಗುತ್ತಾನೆ.

ಊಟದ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಚಿತ್ರಾನ್ನ, ಚಟ್ನಿಪುಡಿ ಸವರಿ ಸುತ್ತಿದ ಚಪಾತಿ, ಫ್ಲಾಸ್ಕಿನಲ್ಲಿ ಬಿಸಿನೀರು. ಮೊಸರನ್ನ ಬೇಡ, ಡಬ್ಬಿ ಮಗುಚಿದರೆ ಚೀಲದ ವಾಸನೆ ವಾರಗಟ್ಟಲೆ ಹೋಗುವುದಿಲ್ಲ. ಜುಲೈ ಆಗಿದ್ದರೂ ಸ್ವೆಟರ್, ಮಳೆಯಂಗಿ. ನೋಡುವ ಕೆಲಸ ಬೆಳಿಗ್ಗೆ, ಊಟ ಹನ್ನೆರಡೂವರೆಗೆ, ಆಮೇಲೆ ಬರೀ ಹುಲ್ಲು.

ಅಫಿಂಗ್ಟನ್‌ನ ಬಿಳಿ ಕುದುರೆಯಲ್ಲಿ ಮಾತ್ರ ಈ ಉಪಾಯ ಕೈಕೊಟ್ಟಿತು. 1974ರವರೆಗೆ ಅದು ಬರ್ಕ್‌ಷೈರ್‌ನಲ್ಲಿತ್ತು, ಗಡಿ ಬದಲಾಗಿ ಈಗ ಆಕ್ಸ್‌ಫರ್ಡ್‌ಷೈರ್‌ಗೆ ಸೇರಿದೆ. ಗುಡ್ಡದ ಮೇಲೆ ಹುಲ್ಲು ಕೆತ್ತಿ, ಸೀಮೆಸುಣ್ಣದ ಕಲ್ಲು ತುಂಬಿ ಬಿಡಿಸಿದ, ಸುಮಾರು ಮೂರು ಸಾವಿರ ವರ್ಷ ಹಳೆಯ, 110 ಮೀಟರ್ ಉದ್ದದ ಕುದುರೆ. ಹುಡುಕಬೇಕಾದ ವಸ್ತು ಇದಕ್ಕಿಂತ ದೊಡ್ಡದಿರಲು ಸಾಧ್ಯವೇ? ಆದರೆ ಪಕ್ಕದಲ್ಲಿ ನಿಂತರೆ ಕಾಣುವುದು ಬಿಳಿಯ ಎರಡು ಪಟ್ಟಿ ಮಾತ್ರ. “ಕುದುರೆ ಎಲ್ಲಿ, ತಾತ?” ಎಂದು ಮಗ ಕುದುರೆಯ ಬದಿಯಲ್ಲೇ ನಿಂತು ಕೇಳಿದ. ಪೂರ್ತಿ ಕುದುರೆ ಕಾಣಬೇಕಾದರೆ ಕೆಳಗಿನ ಬಯಲಿಗೆ ಹೋಗಬೇಕು, ಅಥವಾ ಹಕ್ಕಿಯಾಗಬೇಕು. ಆಗಾಗ ಜನ ಸೇರಿ ಕಳೆ ತೆಗೆದು, ಹೊಸ ಸುಣ್ಣಕಲ್ಲು ಸುರಿದು ಸುತ್ತಿಗೆಯಿಂದ ಕುಟ್ಟುತ್ತಾರೆ. ಹಾಗೆ ಮಾಡದಿದ್ದರೆ ಹುಲ್ಲು ಬೆಳೆದು ಕುದುರೆಯೇ ಅಳಿಸಿಹೋಗುತ್ತದೆ. ಅಪ್ಪನಿಗೆ ಹಿಡಿಸಿದ್ದು ಅದೇ. “ಹಬ್ಬಕ್ಕೆ ಮುಂಚೆ ಗೋಡೆಗೆ ಸುಣ್ಣ ಬಳಿಯುತ್ತೇವಲ್ಲ, ಹಾಗೆ. ಮೂರು ಸಾವಿರ ವರ್ಷ ಯಾರೂ ಸೋಮಾರಿಗಳಾಗಲಿಲ್ಲ ನೋಡು” ಎಂದು ದಾರಿಯುದ್ದಕ್ಕೂ ಹೇಳಿದರು.

ವಿಂಡ್ಸರ್ ಅನ್ನು ಕೊನೆಗೆ ಇಟ್ಟುಕೊಂಡಿದ್ದೆವು. ರೆಡಿಂಗ್‌ನಿಂದ ಸ್ಲೌ ನಿಲ್ದಾಣ, ಅಲ್ಲಿ ರೈಲು ಬದಲಿಸಿದರೆ ಆರೇ ನಿಮಿಷದ ಪುಟ್ಟ ಪ್ರಯಾಣ. ಇಳಿದ ಕೂಡಲೇ ತಲೆಯ ಮೇಲೆ ಕೋಟೆ. ಸಾಮಾನ್ಯವಾಗಿ ಮಂಗಳವಾರ, ಬುಧವಾರ ಬಾಗಿಲು ಹಾಕಿರುತ್ತದೆ, ಭಾನುವಾರ ಸೇಂಟ್ ಜಾರ್ಜ್ ಚಾಪೆಲ್ ಪ್ರವಾಸಿಗರಿಗಿಲ್ಲ. ಐದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲದ ಕಾರಣ ಮಗ ಪುಕ್ಕಟೆ. ಕಾವಲು ಪಡೆ ಬದಲಾಗುವ ವೈಭವವನ್ನು ನಾವು ಬಿಟ್ಟೆವು. ಮಕ್ಕಳ ಎತ್ತರಕ್ಕೆ ಅಲ್ಲಿ ಕಾಣುವುದು ಮುಂದಿನವರ ಬೆನ್ನು ಮಾತ್ರ. ಮಗಳ ಹಟಕ್ಕೆ ಸೋತು ರಾಣಿ ಮೇರಿಯ ಗೊಂಬೆಮನೆಯ ಸಾಲಿನಲ್ಲಿ ನಿಂತೆವು. ಹನ್ನೆರಡರಲ್ಲೊಂದು ಅಳತೆಯ ಆ ಮನೆಯಲ್ಲಿ ಲಿಫ್ಟು, ವಿದ್ಯುತ್ ದೀಪ, ನಲ್ಲಿಯಲ್ಲಿ ನೀರು ಎಲ್ಲವೂ ಇವೆ. ನೋಡಲು ಸಿಗುವುದು ಕೆಲವೇ ನಿಮಿಷ, ಸಾಲು ಉದ್ದ.

ನಾವು ಹುಡುಕಲು ಬಂದದ್ದು ಹುಲಿಯನ್ನು. ಗ್ರ್ಯಾಂಡ್ ವೆಸ್ಟಿಬ್ಯೂಲ್ ಎಂಬ ಎತ್ತರದ ಹಜಾರದಲ್ಲಿ, ಗಾಜಿನ ಬೀರುಗಳ ನಡುವೆ, ಟಿಪ್ಪುವಿನ ಸಿಂಹಾಸನದ ಹುಲಿಯ ತಲೆ ಇದೆ. ಒಳಗೆ ಮರ, ಮೇಲೆ ಚಿನ್ನದ ತಗಡು, ಕಣ್ಣು ಮತ್ತು ಹಲ್ಲು ಸ್ಫಟಿಕದವು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಸಿಂಹಾಸನವನ್ನು ಒಡೆದು ಲೂಟಿಯ ಪಾಲು ಮಾಡಿದರು. ಈ ತಲೆಯನ್ನು ಈಸ್ಟ್ ಇಂಡಿಯಾ ಕಂಪನಿ 1831ರಲ್ಲಿ ನಾಲ್ಕನೆಯ ವಿಲಿಯಂ ದೊರೆಗೆ ಕೊಟ್ಟಿತು. ಅದೇ ಹಜಾರದಲ್ಲಿ ಇಂಗ್ಲಿಷ್ ನೌಕಾಪಡೆಯ ಸೇನಾನಿ ನೆಲ್ಸನ್‌ನನ್ನು ಕೊಂದ ಗುಂಡೂ ಇದೆ, ಅದರ ಮುಂದೆ ಜನ ಹೆಚ್ಚು.

ಮೊದಲು ಕಂಡದ್ದು ಮಗನಿಗೆ. “ಹುಲಿ!” ಎಂದು ಕಿರುಚಿದ. ಆಮೇಲೆ ಬೀರುವಿನ ಹಿಂಭಾಗಕ್ಕೆ ಹೋಗಿ ನೋಡಿ ಬಂದು, “ಉಳಿದ ಹುಲಿ ಎಲ್ಲಿ, ತಾತ?” ಎಂದ.

“ಹಂಚಿಕೊಂಡುಬಿಟ್ಟರಪ್ಪ” ಎಂದರು ಅಪ್ಪ. ಮಂಡಿ ನೋವು ಎನ್ನುತ್ತಿದ್ದವರು ಅಲ್ಲಿ ಬಹಳ ಹೊತ್ತು ನಿಂತೇ ಇದ್ದರು. ಕೋಟೆ ಬಿದ್ದ ಜಾಗದ ಪಕ್ಕದಲ್ಲೇ ಸೈಕಲ್ ತುಳಿದುಕೊಂಡು ಶಾಲೆಗೆ ಹೋಗುತ್ತಿದ್ದ ಮನುಷ್ಯ. ನನಗೆ ಏನು ಮಾತಾಡಬೇಕೆಂದು ತಿಳಿಯದೆ, ಫ್ಲಾಸ್ಕಿನ ಮುಚ್ಚಳ ಗಟ್ಟಿಯಾಗಿದೆಯೇ ಎಂದು ನೋಡಿಕೊಂಡೆ.

ಹೊರಗೆ ಬರುವಾಗ ಟಿಕೆಟ್ಟನ್ನು ಒಂದು ವರ್ಷದ ಪಾಸಾಗಿ ಬದಲಿಸಿಕೊಳ್ಳಬಹುದು ಎಂದು ಅಲ್ಲಿನ ಸಿಬ್ಬಂದಿ ಹೇಳಿದರು. ನೇರವಾಗಿ ಕೋಟೆಯವರಿಂದಲೇ ಕೊಂಡಿದ್ದರೆ ಈ ಸೌಲಭ್ಯ ಉಂಟು, ಮರೆಯಬೇಡಿ. ಅಪ್ಪ ಊರಿಗೆ ಹೊರಡಲು ಇನ್ನು ಒಂಬತ್ತೇ ದಿನ ಉಳಿದಿತ್ತು. ನಿಮಗೇಕೆ ಎಂದು ನಾನು ಹೇಳುವಷ್ಟರಲ್ಲಿ ಅವರು ಜೇಬಿನಿಂದ ಪೆನ್ನು ತೆಗೆದು, ಟಿಕೆಟ್ಟಿನ ಹಿಂದೆ ಕನ್ನಡದಲ್ಲಿ ತಮ್ಮ ಪೂರ್ತಿ ಹೆಸರು ಬರೆದು ಸಹಿ ಹಾಕಿಯಾಗಿತ್ತು.