ಎರೆ ಹೊಲದಿಂದ ಮಾಗೋಡಿನ ಕಾಡಿಗೆ: ಗದಗಿನಿಂದ ಒಂದು ದಿನದಲ್ಲಿ ಹೋಗಿ ಬರುವುದು ಹೇಗೆ?

ಗದಗಿನ ಸುತ್ತ ಕಣ್ಣು ಹಾಯಿಸಿದಷ್ಟೂ ಬಯಲು, ಎರೆ ಹೊಲ, ಗಾಳಿಯಂತ್ರ. ಏಪ್ರಿಲ್ ಬಂದರೆ ನೆಲ ಬಿರುಕು ಬಿಡುವಷ್ಟು ಬಿಸಿಲು. ಇಲ್ಲಿಂದ ಪಶ್ಚಿಮಕ್ಕೆ ಸುಮಾರು 150 ಕಿ.ಮೀ. ಹೋದರೆ ಬೇಡ್ತಿ ನದಿ ದಟ್ಟ ಕಾಡಿನ ನಡುವೆ ಸುಮಾರು 200 ಮೀಟರ್ ಧುಮುಕುವ ಮಾಗೋಡು ಜಲಪಾತ ಸಿಗುತ್ತದೆ. ಜಲಪಾತದಷ್ಟೇ ಅಲ್ಲಿಗೆ ಹೋಗುವ ದಾರಿಯೂ ನೋಡುವಂಥದ್ದು.

ಮೊದಲು ದಿನ ಗೊತ್ತು ಮಾಡಿಕೊಳ್ಳಿ. ಅಕ್ಟೋಬರ್, ನವೆಂಬರ್ ಒಳ್ಳೆಯದು. ಮಳೆ ಹಿಂದೆ ಸರಿದಿರುತ್ತದೆ, ನದಿಯಲ್ಲಿ ನೀರು ಇನ್ನೂ ಇರುತ್ತದೆ. ಜೋರು ಮಳೆಯಲ್ಲಿ ಹೋದರೆ ಮಂಜು ಮುಚ್ಚಿ ಏನೂ ಕಾಣದಿರಬಹುದು. ಬೇಸಿಗೆಯಲ್ಲಿ ನೀರು ಎಳೆಯಷ್ಟೇ ಉಳಿಯುತ್ತದೆ, ಸಾಗುವಾನಿ ಮರಗಳೂ ಬೋಳಾಗಿರುತ್ತವೆ.

ಬೆಳಗ್ಗೆ 6ಕ್ಕೆ ಗದಗ ಬಿಡಿ. ಅಣ್ಣಿಗೇರಿಯಲ್ಲಿ ಅರ್ಧ ತಾಸು ನಿಲ್ಲಲೇಬೇಕು. ಚಾಲುಕ್ಯರ ಕಾಲದ ಅಮೃತೇಶ್ವರ ಗುಡಿಯ ಕಲ್ಲು ಎಳೆ ಬಿಸಿಲಿನಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಮುಂದೆ ಹುಬ್ಬಳ್ಳಿಗೆ ಮೊದಲು ಬೆಣ್ಣಿಹಳ್ಳ ದಾಟುತ್ತೀರಿ. ಇದನ್ನು ನೆನಪಿಟ್ಟುಕೊಳ್ಳಿ. ಈ ಹಳ್ಳದ ನೀರು ಮಲಪ್ರಭೆ ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ.

ಹುಬ್ಬಳ್ಳಿಯಲ್ಲಿ ನಾಷ್ಟಾ ಮುಗಿಸಿ, ವಾಹನಗಳ ಗದ್ದಲ ಜಾಸ್ತಿ ಆಗುವ ಮೊದಲೇ ಕಾರವಾರ ರಸ್ತೆ ಹಿಡಿಯಿರಿ. ಇಲ್ಲಿಂದ ಕಿಟಕಿ ತೆರೆದಿಡಿ. ಕಲಘಟಗಿ ಹತ್ತಿರವಾದಂತೆ ಕಪ್ಪು ಮಣ್ಣು ಹೋಗಿ ಕೆಂಪು ಮಣ್ಣು ಬರುತ್ತದೆ. ಜೋಳ, ಕಡಲೆ ಇದ್ದ ಕಡೆ ಭತ್ತದ ಗದ್ದೆಗಳು ಕಾಣುತ್ತವೆ. ಈ ಸೀಮೆಯಲ್ಲಿ ಹರಿಯುವ ಬೇಡ್ತಿಯ ನೀರು ಪೂರ್ವಕ್ಕೆ ಹೋಗುವುದಿಲ್ಲ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯನ್ನು ಕೂಡಿಸಿಕೊಂಡು, ಮುಂದೆ ಗಂಗಾವಳಿ ಎನಿಸಿಕೊಂಡು ಅರಬ್ಬಿ ಸಮುದ್ರಕ್ಕೆ ಸೇರುತ್ತದೆ. ಒಂದೇ ಬೆಳಗ್ಗೆ ಎರಡು ಸಮುದ್ರದ ನೀರನ್ನು ದಾಟಿಬಿಡುತ್ತೀರಿ! ಮಕ್ಕಳು ಜೊತೆಗಿದ್ದರೆ ಖಂಡಿತ ಹೇಳಿ, ನಕಾಶೆಯಲ್ಲೂ ತೋರಿಸಿ.

ಕಾಡಿಗೆ ಹೋಗುವುದೆಂದರೆ ಘಾಟ್ ಹತ್ತುವುದು ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಹಾಗಿಲ್ಲ. ಮಾಗೋಡಿಗೆ ಹತ್ತಿರದ ಪಟ್ಟಣ ಯಲ್ಲಾಪುರ ಹುಬ್ಬಳ್ಳಿಗಿಂತ ತುಸು ತಗ್ಗಿನಲ್ಲೇ ಇದೆ. ಕಾಡು ಬೆಳೆಸಿದ್ದು ಮಳೆ. ಸಮುದ್ರದ ಕಡೆಯಿಂದ ಬರುವ ಮುಂಗಾರು ಮೋಡಗಳು ಪಶ್ಚಿಮ ಘಟ್ಟದಲ್ಲೇ ಹೆಚ್ಚಿನ ನೀರು ಸುರಿಸಿ, ಬಯಲಿಗೆ ಬರುವಷ್ಟರಲ್ಲಿ ಹಗುರಾಗುತ್ತವೆ. ಗದಗಿನಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯಾದರೆ, ಯಲ್ಲಾಪುರದಲ್ಲಿ 2000 ಮಿ.ಮೀ. ದಾಟುತ್ತದೆ. ಕಿರವತ್ತಿ ಬರುತ್ತಿದ್ದಂತೆ ರಸ್ತೆಯ ಎರಡೂ ಬದಿ ಸಾಗುವಾನಿ ಕಾಡು. ಗಾಳಿಯ ತಂಪು ಮೈಗೆ ಗೊತ್ತಾಗುತ್ತದೆ. ಸಿದ್ದಿ ಸಮುದಾಯದವರು, ಎಮ್ಮೆ ಸಾಕುವ ಗೌಳಿಗಳು ಇರುವ ಸೀಮೆ ಇದು. ಹೇಳದೆ ಕೇಳದೆ ಅವರ ಮನೆ, ಮಕ್ಕಳ ಫೋಟೊ ತೆಗೆಯುವುದು ಬೇಡ.

ಯಲ್ಲಾಪುರದಲ್ಲಿ ಪೆಟ್ರೋಲ್, ಕುಡಿಯುವ ನೀರು ತುಂಬಿಸಿಕೊಳ್ಳಿ. ಊಟವೂ ಇಲ್ಲೇ ಆಗಲಿ. ತಂಬುಳಿ, ಅಪ್ಪೆಹುಳಿ ಸಿಕ್ಕರೆ ಬಿಡಬೇಡಿ. ಜೋಳದ ರೊಟ್ಟಿ, ಎಣಗಾಯಿ ಉಂಡ ನಾಲಿಗೆಗೆ ಅದೊಂದು ಹೊಸ ರುಚಿ. ಮಾಗೋಡು ಇಲ್ಲಿಂದ ಸುಮಾರು 18 ಕಿ.ಮೀ. ರಸ್ತೆ ಕಿರಿದು, ತಿರುವು ಜಾಸ್ತಿ, ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ದಾರಿಯಲ್ಲಿ ಕವಡಿಕೆರೆ ನೋಡಿಕೊಂಡು ಹೋಗಬಹುದು.

ಮಾಗೋಡಿನಲ್ಲಿ ನೀರಿಗೆ ಇಳಿಯುವ ಮಾತಿಲ್ಲ. ಎದುರಿನ ದಂಡೆಯಿಂದ, ಕೊಳ್ಳದ ಆಚೆ, ಎರಡು ಹಂತದಲ್ಲಿ ಬೀಳುವ ನದಿಯನ್ನು ನೋಡಬೇಕು. ಕಟಾಂಜನ ದಾಟಬೇಡಿ. ಮಂಗಗಳಿವೆ, ತಿಂಡಿ ಕೈಯಲ್ಲಿ ಹಿಡಿದು ಓಡಾಡಬೇಡಿ. ಸಮಯ ಉಳಿದರೆ ಅಲ್ಲೇ ಹತ್ತಿರದ ಜೇನುಕಲ್ಲು ಗುಡ್ಡಕ್ಕೆ ಹೋಗಿ. ಅಲ್ಲಿಂದ ಕಾಣುವ ಕಣಿವೆ ನನಗಂತೂ ಜಲಪಾತಕ್ಕಿಂತ ಇಷ್ಟ. ಸಾತೊಡ್ಡಿ ಜಲಪಾತವನ್ನೂ ಇದೇ ದಿನ ಸೇರಿಸಲು ಹೋಗಬೇಡಿ, ಅದು ಬೇರೆಯೇ ದಿಕ್ಕು.

ಸಂಜೆ 4ರೊಳಗೆ ವಾಪಸ್ ಹೊರಡಿ. ಯಲ್ಲಾಪುರ–ಹುಬ್ಬಳ್ಳಿ ರಸ್ತೆಯಲ್ಲಿ ಲಾರಿಗಳ ಓಡಾಟ ಬಹಳ. ಕಾಡಿನ ಭಾಗವನ್ನು ಬೆಳಕಿರುವಾಗಲೇ ದಾಟಿದರೆ ಓಡಿಸುವವರಿಗೂ ನೆಮ್ಮದಿ. ರಾತ್ರಿ ಊಟಕ್ಕೆ ಹುಬ್ಬಳ್ಳಿಯ ಖಾನಾವಳಿಗಳು ಇದ್ದೇ ಇವೆ.